ಗೆರೆಯ ಬಲಗಡೆ

ಬೋರ್ಡಿನ ಎಡಗಡೆ ತುಂಬಿತ್ತು, ಬಲಗಡೆ ಬರೆಯುವುದಕ್ಕೆ ಏನೂ ಇರಲಿಲ್ಲ. ವೃಷಭೇಂದ್ರಪ್ಪ ಸೀಮೆಸುಣ್ಣದ ತುಂಡನ್ನು ಬೆರಳುಗಳ ನಡುವೆ ಹೊರಳಿಸುತ್ತ ವಾಚನಾಲಯದ ಜಗುಲಿಯ ಮೇಲೆ, ಬೀದಿಗೆ ಬೆನ್ನು ಹಾಕಿ, ನಿಂತೇ ಇದ್ದ. ಬೆಳಗ್ಗೆ ಎದ್ದಾಗಿನಿಂದ ಅವನಿಗೆ ಒಂಥರಾ ಜೋಮು. ಕಾಲಿಗೆ ಹಿಡಿದ ಜೋಮಾದರೆ ನೆಲಕ್ಕೆ ಕುಟ್ಟಿ ಬಿಡಿಸಿಕೊಳ್ಳಬಹುದು. ಇದು ಮೈಯಲ್ಲಿ ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಸರ್ವಮಂಗಳಾ ಬಡಿಸಿದ ಬಿಸಿ ಕಡುಬು ನಾಲಗೆಗೆ ಹತ್ತಿರಲಿಲ್ಲ. ದಾರಿಯಲ್ಲಿ ಯಾರೋ ನಮಸ್ಕಾರ ಎಂದದ್ದಕ್ಕೆ ತಿರುಗಿ ನಮಸ್ಕಾರ ಹೇಳಿದೆನೋ ಇಲ್ಲವೋ ನೆನಪಿರಲಿಲ್ಲ. ಇಂಗ್ಲಿಷ್ ಪೇಪರು ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. ದಿಲ್ಲಿಯಲ್ಲಿ ದೇಶಕ್ಕೊಂದು ಸಂವಿಧಾನ ಬರೆಯುತ್ತಿದ್ದ ಸಭೆಯಲ್ಲಿ ಅಸ್ಪೃಶ್ಯತೆ ಇನ್ನಿಲ್ಲ ಎನ್ನುವ ಕಲಮು ಬಂದಿತ್ತು. ಎದ್ದು ಮಾತಾಡಿದವರು ಬೇಕು ಎಂದಿದ್ದರು, ಸಭೆ ಒಪ್ಪಿತ್ತು, ಒಪ್ಪಿ ಜಯಘೋಷ ಮಾಡಿತ್ತು. ಬೇಡ ಎಂದ ಒಬ್ಬನ ಹೆಸರೂ ಇಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ಬೇಡ ಅನ್ನುವ ಒಬ್ಬ ಪುಣ್ಯಾತ್ಮ ಇಲ್ಲದೆ ಹೋದನಲ್ಲ ಎಂದು ಪುಟ ತಿರುವಿ, ಒಳಗೆಲ್ಲಾದರೂ ಮುಂದುವರಿದಿದೆಯೋ ಎಂದು ನೋಡಿ, ಜಾಹೀರಾತುಗಳ ಸಂದಿಯಲ್ಲೂ ಕಣ್ಣಾಡಿಸಿ ವಾಪಸು ಬಂದಿದ್ದ. ಎಡಗಡೆಯದು ಸರಾಗವಾಗಿ ಬಂದಿತ್ತು. ಬಲಗಡೆ ಕರ್ರಗೆ ಹಾಗೇ ಉಳಿದಿತ್ತು.

ಬೋರ್ಡಿನ ನಟ್ಟನಡುವೆ ಬಿಳಿ ಬಣ್ಣದಲ್ಲಿ ಎಳೆದ ಆ ಗೆರೆ ಸುಮ್ಮನೆ ಬಂದದ್ದಲ್ಲ. ಹಿಂದಿನ ವರ್ಷ ನರಸಿಂಹರಾಜಪುರದಲ್ಲಿ ಅರ್ಧ ಪೇಟೆ ಅರಮನೆಯ ಕಡೆ, ಅರ್ಧ ಪೇಟೆ ಕಾಂಗ್ರೆಸ್ಸಿನ ಕಡೆ. ದಿಲ್ಲಿಯಲ್ಲಿ ಹೀಗಂದರಂತೆ ಎಂದು ಇವರು, ಅಂದೇ ಇಲ್ಲವಂತೆ ಎಂದು ಅವರು, ಇದೇ ಜಗುಲಿಯಲ್ಲಿ ಕೈಕೈ ಮಿಲಾಯಿಸಿ ವಾಚನಾಲಯದ ಗಾಜಿನ ಬೀರು ಪುಡಿಪುಡಿಯಾಗಿತ್ತು. ಆಮೇಲೆ ಒಂದು ದಿನ ವಾಚನಾಲಯದ ಅಧ್ಯಕ್ಷರಾದ ಜವಳಿ ಅಂಗಡಿಯ ರೇಣುಕಪ್ಪ, ಊರಿನ ಯಾವ ಜಗಳವನ್ನೂ ಅಂಗಡಿ ಬಾಗಿಲು ಹಾಕುವುದರೊಳಗೆ ಮುಗಿಸಿಬಿಡುವ ಮನುಷ್ಯ, ಇವನ ಸೀಮೆಎಣ್ಣೆ ಡಿಪೋಗೆ ಬಂದು ಖಾಲಿ ಡಬ್ಬದ ಮೇಲೆಯೇ ಕೂತಿದ್ದರು. "ನೀನೇ ಬರೀಬೇಕು ಮಾರಾಯ. ಇಂಗ್ಲಿಷ್ ಬಲ್ಲೆ. ಆ ಕಡೆಯೋನೂ ಅಲ್ಲ, ಈ ಕಡೆಯೋನೂ ಅಲ್ಲ. ಎಡಗಡೆ ಬೇಕು ಅಂದೋರ ಮಾತು, ಬಲಗಡೆ ಬೇಡ ಅಂದೋರ ಮಾತು. ಗೆದ್ದೋರು ಯಾರು ಅಂತ ಬರೀಬೇಡ, ಬರೆದ ಕೂಡ್ಲೆ ಇಲ್ಲಿ ಕುಣೀತಾರೆ. ಎರಡೂ ಕಡೆ ಸಮ ಇರ್ಲಿ. ಯಾವ ಕಡೆನೂ ಖಾಲಿ ಬಿಡ್ಬೇಡ. ಖಾಲಿ ಬಿಟ್ರೆ ನೀನೇ ಮುಚ್ಚಿಟ್ಟೆ ಅಂತಾರೆ." ಆ ಕಡೆಯವನೂ ಅಲ್ಲ, ಈ ಕಡೆಯವನೂ ಅಲ್ಲ ಎಂಬುದು ಹೊಗಳಿಕೆಯೇ ಎಂದು ಆಗ ಅವನು ಯೋಚಿಸಿರಲಿಲ್ಲ. ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ನಪಾಸಾಗಿ ಬಂದು, ಪರವಾನಗಿ ಪಡೆದು ಎಣ್ಣೆ ಅಳೆಯುತ್ತ ಕೂತವನನ್ನು, ಮದುವೆ ಮನೆಗಳಲ್ಲಿ ಎರಡನೇ ಪಂಕ್ತಿಗೆ ಕರೆಯುತ್ತಿದ್ದವನನ್ನು, ಅಧ್ಯಕ್ಷರು ಹುಡುಕಿಕೊಂಡು ಬಂದಿದ್ದರು. ಅಷ್ಟು ಸಾಕಾಗಿತ್ತು.

ಅಂದಿನಿಂದ ಅವನು ಬೋರ್ಡಿನ ಮೇಲೆ ಒಂದಕ್ಷರ ಸುಳ್ಳು ಬರೆದವನಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕಿದವನಲ್ಲ. ಎಡಗಡೆ ಎಷ್ಟು ಸಾಲೋ ಬಲಗಡೆಯೂ ಅಷ್ಟೇ ಸಾಲು. ಒಂದು ಕಡೆಯ ಮಾತು ಮೊಟಕಾದರೆ ಅಕ್ಷರ ದಪ್ಪ ಮಾಡಿ, ನಡುವೆ ಜಾಗ ಬಿಟ್ಟು, ಎರಡನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸುತ್ತಿದ್ದ. ಬರೆದಾದ ಮೇಲೆ ರಸ್ತೆಗಿಳಿದು, ಒಂದು ಕಣ್ಣು ಮುಚ್ಚಿ, ಸಮವಾಗಿದೆಯೇ ಎಂದು ನೋಡುವುದು ಅವನ ಪದ್ಧತಿ. ಸಂತೆಗೆ ಬಂದ ಸೀತೂರು, ಕಡಹಿನಬೈಲಿನ ಜನ ಬೋರ್ಡು ಓದಿಸಿಕೊಂಡೇ ಊರಿಗೆ ಹೊರಡುತ್ತಿದ್ದರು. ಕೊಪ್ಪದವರು ಬಂದು ನೋಡಿ ಹೋಗಿ ತಮ್ಮಲ್ಲೂ ಒಂದು ಗೆರೆ ಎಳೆಸಿದ್ದರು. ಶೃಂಗೇರಿ ಬಸ್ಸಿನಲ್ಲಿ ಯಾರೋ ಇಬ್ಬರು ವಾದಕ್ಕೆ ಬಿದ್ದಾಗ ಮೂರನೆಯವನು "ವೃಷಭೇಂದ್ರಪ್ಪನ ಬೋರ್ಡಲ್ಲಿ ಹಂಗಿಲ್ಲ" ಎಂದದ್ದಕ್ಕೆ ಇಬ್ಬರೂ ಬಾಯಿ ಮುಚ್ಚಿದರಂತೆ. ಈ ಸುದ್ದಿ ಕೇಳಿದ ದಿನ ಅವನು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ಅದನ್ನು ಹೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಿದ್ದ, ಬಡಾಯಿ ಅಂದುಕೊಂಡಾಳು ಎಂದು. ನುಂಗಿದ್ದು ಮಾತ್ರ ಬಹಳ ದಿನ ಸಿಹಿಯಾಗಿತ್ತು.

"ನಮ್ದು ಬಂದೈತಂತಲ್ಲ ಅಯ್ಯಾ."

ಬೆನ್ನ ಹಿಂದೆ ರಸ್ತೆಯಿಂದ ಬಂದ ದನಿ ಬೂದನದು. ತರೀಕೆರೆಯಿಂದ ಬರುವ ಸಣ್ಣ ರೈಲಿನಲ್ಲಿ ಪೇಪರಿನ ಕಟ್ಟು ಬರುತ್ತಿತ್ತು. ಸ್ಟೇಷನ್ನಿನಲ್ಲಿ ಮೂಟೆ ಹೊರುವ ಬೂದ ಅದನ್ನು ತಲೆಯ ಮೇಲೆ ಹೊತ್ತು ತಂದು, ಜಗುಲಿಯ ಕೆಳಗಿನ ಮೆಟ್ಟಿಲ ಮೇಲಿಟ್ಟು, ಹಿಂದೆ ಸರಿದು ನಿಲ್ಲುವನು. ಆಮೇಲೆ ವೃಷಭೇಂದ್ರಪ್ಪ ಇಳಿದು ಎತ್ತಿಕೊಳ್ಳುವನು. ಈ ಕ್ರಮವನ್ನು ಇಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ತಲೆಯ ಮೇಲಿದ್ದಾಗ ಮೈಲಿಗೆಯಾದ ಕಟ್ಟು ಮೆಟ್ಟಿಲ ಮೇಲೆ ಕೂತ ಕೂಡಲೇ ಮಡಿಯಾಗುವುದು ಹೇಗೆ ಎಂದು ವೃಷಭೇಂದ್ರಪ್ಪನಿಗೆ ಯಾವಾಗಲೋ ಒಮ್ಮೆ ಹೊಳೆದಿತ್ತು. ಹೊಳೆದದ್ದು ಅಲ್ಲೇ ಆರಿಹೋಗಿತ್ತು.

"ಯಾರು ಹೇಳಿದ್ರು?"

"ಗಾರ್ಡಯ್ನೋರು. ಪಾಸಾತು ಹೋಗೋ ಅಂದ್ರು." ಬೂದ ಬೋರ್ಡಿನ ಕಡೆ ಕತ್ತೆತ್ತಿ ಕೇಳಿದ. "ಬಲಗಡೆ ಎಂತ ಬರ್ದೀರಿ?"

"ಇನ್ನೂ ಬರ್ದಿಲ್ಲ. ತಡಿ."

"ಬರ್ಯಾದು ಐತಾ?"

ವೃಷಭೇಂದ್ರಪ್ಪ ತಿರುಗಿ ನೋಡಲಿಲ್ಲ. "ನೋಡ್ಬೇಕು" ಎಂದ. ಬೂದನಿಗೆ ಅಷ್ಟೇ ಸಾಕಾಯಿತೇನೋ. ಚೌಡಿ ಕೊಡ ಬೆಳಗಿಟ್ಟುಕೊಂಡು ಕೂತಿದ್ದಾಳೆ, ಕರಕೊಂಡು ಬರುತ್ತೇನೆ ಎಂದು ಹೆಂಡತಿಯನ್ನು ಕರೆತರಲು ಹೊರಟೇಹೋದ. ಹೋಗುವವನ ಹೆಜ್ಜೆಯ ಸಪ್ಪಳ ದೂರವಾಗುವವರೆಗೂ ವೃಷಭೇಂದ್ರಪ್ಪ ಬೋರ್ಡಿಗೆ ಮುಖ ಕೊಟ್ಟೇ ಇದ್ದ.

ಕಳೆದ ಬೇಸಿಗೆಯಲ್ಲಿ ಹಳ್ಳದ ನೀರು ಕುಡಿದು ಬೂದನ ಮಗಳಿಗೆ ರಕ್ತಭೇದಿ ಹಿಡಿದಿತ್ತು. ಕೂಸು ಬದುಕಿದ್ದೇ ಹೆಚ್ಚು. ಮೇಲಿನವರು ಬಟ್ಟೆ ಒಗೆದು, ದನದ ಮೈ ತೊಳೆದು ಬಿಟ್ಟ ನೀರು ಅವರ ಕೇರಿಯ ಹತ್ತಿರ ಬರುವಾಗ ಹಸಿರಾಗಿರುತ್ತಿತ್ತು. ಆಗ ಬೂದ ಜವಳಿ ಅಂಗಡಿಯ ಮುಂದೆ ಹೋಗಿ ನಿಂತಿದ್ದ. ಅಂಗಡಿಯ ಎದುರಿಗೇ ಪೇಟೆ ಬಾವಿ. ಬಾವಿ ಊರಿನದಾದರೂ ಅದರ ಬಗ್ಗೆ ಏನಿದ್ದರೂ ರೇಣುಕಪ್ಪನವರ ಮಾತೇ ಮಾತು. ಕುಡಿಯೋದಕ್ಕೆ ಮಾತ್ರ ಒಂದು ಕೊಡ ಸೇದಿಕೊಳ್ಳುತ್ತೀವಿ ಒಡೆಯಾ ಎಂದು ಕೇಳಿದಾಗ ಅವರು ಬೈಯಲಿಲ್ಲ. ಬೈಯುವುದು ಅವರ ಜಾಯಮಾನದಲ್ಲೇ ಇಲ್ಲ. ಬಟ್ಟೆ ಅಳೆಯುವ ಗಜಕಡ್ಡಿಯಿಂದ ಬೆನ್ನು ತುರಿಸಿಕೊಳ್ಳುತ್ತ, ಎದುರು ಸಾಲಿನ ವಾಚನಾಲಯದ ಕಡೆ ತೋರಿಸಿ, "ಅಲ್ಲಿ ಬೋರ್ಡಿದೆ ನೋಡು. ದಿಲ್ಲೀಲಿ ನಿಮ್ಮ ವಿಷಯನೂ ಬರುತ್ತಂತೆ. ಬಂದ ದಿನ ಅದರ ಬಲಗಡೆ ಖಾಲಿ ಇದ್ರೆ, ಬೇಡ ಅನ್ನೋನು ಒಬ್ಬನೂ ಇಲ್ದೆ ಹೋದ್ರೆ, ನೀನು ಬಂದು ಹಗ್ಗ ಹಿಡಿ. ನಾನು ಅಡ್ಡ ಬರಲ್ಲ. ಇಷ್ಟು ಜನ ಕೇಳ್ತಿದಾರೆ" ಎಂದಿದ್ದರು. ಗಿರಾಕಿಗಳೆಲ್ಲ ನಕ್ಕಿದ್ದರು, ಬಲಗಡೆ ಖಾಲಿ ಬಿಟ್ಟ ಬೋರ್ಡನ್ನು ಈ ಊರಿನಲ್ಲಿ ಯಾರೂ ಕಂಡಿರಲಿಲ್ಲ. ವೃಷಭೇಂದ್ರಪ್ಪನೂ ಅಲ್ಲಿದ್ದ, ಅವನೂ ನಕ್ಕಿದ್ದ; ಇಂಥ ದೊಡ್ಡ ಮಾತಿಗೆ ತನ್ನ ಬೋರ್ಡು ಸಾಕ್ಷಿಯಾಯಿತಲ್ಲ ಎಂದು ಒಳಗೊಳಗೇ ಉಬ್ಬಿದ್ದ. ಬೂದ ಮಾತ್ರ ನಗದೆ, ಆಗಲಿ ಒಡೆಯಾ ಎಂದು ಕೈಮುಗಿದು ಹೋಗಿದ್ದ.

ಹಾಗಾದರೆ ಖಾಲಿ ಬಿಟ್ಟರೆ ಆಯಿತು. ಇರುವುದೇ ಹಾಗೆ, ಇಲ್ಲದ್ದನ್ನು ಎಲ್ಲಿಂದ ತರುವುದು. ಸೀಮೆಸುಣ್ಣ ಕೆಳಗಿಟ್ಟು ಮನೆಗೆ ಹೋಗಬಹುದು. ಇಷ್ಟು ಯೋಚನೆಗೆ ಬಂದದ್ದೇ ತಡ, ರೇಣುಕಪ್ಪನವರು ಬೋರ್ಡಿನ ಮುಂದೆ ನಿಂತು ಇವನ ಮುಖ ನೋಡುವುದು ಕಣ್ಣ ಮುಂದೆ ಬಂತು. ಸೀಮೆಎಣ್ಣೆಯವನಿಗೆ ಕಾಂಗ್ರೆಸ್ಸಿನವರು ಏನು ಕೊಟ್ಟರಂತೆ ಎಂದು ಸಂತೆಯಲ್ಲಿ ಯಾರೋ ಕೇಳುವುದು ಕೇಳಿಸಿತು. ಇಷ್ಟು ದಿನ ಸಮವಾಗಿ ಬರೆದದ್ದೆಲ್ಲ ಒಂದೇ ದಿನಕ್ಕೆ ತೊಳೆದುಹೋಗುತ್ತದಲ್ಲ. ಮತ್ತೆ ಪೇಪರು ಎತ್ತಿದ. ಸುದ್ದಿಯ ಕೊನೆಯಲ್ಲಿ, ಮೊದಲು ಕಣ್ಣು ಜಾರಿಸಿಬಿಟ್ಟಿದ್ದ ಸಣ್ಣ ಪ್ಯಾರಾ ಒಂದಿತ್ತು. ಒಬ್ಬ ಸದಸ್ಯರು ಕಲಮಿನ ಮಾತುಗಳು ಇನ್ನಷ್ಟು ಸ್ಪಷ್ಟವಾಗಬೇಕೆಂದು ತಿದ್ದುಪಡಿ ತಂದಿದ್ದರು, ಅದು ಬಿದ್ದುಹೋಗಿತ್ತು. ಅಸ್ಪೃಶ್ಯತೆ ಎಂದರೇನು ಎಂದು ಅರ್ಥ ಹೇಳಿಲ್ಲವಲ್ಲ ಎಂಬ ಮಾತೂ ಬಂದಿತ್ತು. ಇದು ವಿರೋಧವಲ್ಲ ಎಂದು ಅವನಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆ ಮನುಷ್ಯ ಬೇಕು ಎನ್ನುವುದನ್ನೇ ಇನ್ನೂ ಗಟ್ಟಿಯಾಗಿ ಹೇಳಬೇಕು ಎಂದಿದ್ದ. ಆದರೂ ಗೊತ್ತಿರುವುದು ತಲೆಯಲ್ಲಿ ಒಂದು ಕಡೆ ಕೂತಿತ್ತು, ಕೈ ತನ್ನಷ್ಟಕ್ಕೆ ಮೇಲೆದ್ದಿತ್ತು. "ಒಬ್ಬ ಸದಸ್ಯರಿಂದ ತಿದ್ದುಪಡಿ. ಅಸ್ಪೃಶ್ಯತೆ ಎಂದರೇನೆಂದೇ ಹೇಳಿಲ್ಲವೆಂದು ಆಕ್ಷೇಪ." ಅಕ್ಷರ ದಪ್ಪ ಮಾಡಿದ, ಸಾಲುಗಳ ನಡುವೆ ಜಾಗ ಬಿಟ್ಟ, ಕೆಳಗಿನ ತನಕ ತಂದ. ರಸ್ತೆಗಿಳಿದು ಒಂದು ಕಣ್ಣು ಮುಚ್ಚಿ ನೋಡಿದ. ಸಮವಾಗಿತ್ತು. ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸಲೀಸಾಯಿತು, ಅದಕ್ಕೆ ನಾಚಿಕೆಯೂ ಆಯಿತು.

ಡಿಪೋದಲ್ಲಿ ಕೂತು ಎಣ್ಣೆ ಅಳೆಯುತ್ತಿದ್ದಾಗ ಅವರು ಬರುವುದು ಕಂಡಿತು. ಮುಂದೆ ಬೂದ, ಹಿಂದೆ ಚೌಡಿ. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಕೊಡ ಬಿಸಿಲಿಗೆ ಥಳಥಳ ಎನ್ನುತ್ತಿತ್ತು. ಚೌಡಿ ಸೀರೆ ಬದಲಾಯಿಸಿ, ತಲೆ ಬಾಚಿ, ಹಣೆಗೆ ಕುಂಕುಮ ಇಟ್ಟು ಬಂದಿದ್ದಳು, ನೆಂಟರ ಮನೆಗೆ ಹೊರಟವಳ ಹಾಗೆ. ಬೂದ ಬೋರ್ಡಿನ ಮುಂದೆ ಬಂದವನು ಬಲಗಡೆ ಬಿಳಿ ಅಕ್ಷರ ತುಂಬಿರುವುದನ್ನು ನೋಡಿ ನಿಂತ. ಓದಲು ಬಾರದವನಿಗೂ ತುಂಬಿದ್ದು ಯಾವುದು, ಖಾಲಿ ಯಾವುದು ಎಂದು ತಿಳಿಯುತ್ತದೆ. ಅಷ್ಟರಲ್ಲಿ ರೇಣುಕಪ್ಪನವರು ಅಂಗಡಿಯಿಂದ ಇಳಿದು ಬಂದಿದ್ದರು. ಬಲಗಡೆಯದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಬೀದಿಯ ಈಚೆಗಿದ್ದ ಡಿಪೋ ಕಡೆ ಕೂಗಿ ಇವನನ್ನು ಕರೆದರು. ವೃಷಭೇಂದ್ರಪ್ಪ ಅಳತೆಯ ಪಾತ್ರೆ ಇಟ್ಟು, ಕೈ ಒರೆಸಿಕೊಳ್ಳುತ್ತ ಹೋದ.

"ಇದು ನೀನೇ ಬರ್ದಿದ್ದಲ್ವನಾ?"

"ಹೌದು."

"ಪೇಪರಲ್ಲಿ ಇದ್ದಿದ್ದೇ ತಾನೆ?"

"ಪೇಪರಲ್ಲಿ ಇದೆ."

"ಸುಳ್ಳಲ್ಲವಲ್ಲ?"

"ಅಲ್ಲ."

ರೇಣುಕಪ್ಪ ಬೂದನ ಕಡೆ ತಿರುಗಿ ನಿಜವಾದ ಕನಿಕರದಿಂದಲೇ ಹೇಳಿದರು. "ಕೇಳಿದ್ಯಲ್ಲ. ನಾನು ಮಾತಿಗೆ ತಪ್ಪಿಲ್ಲ. ಅಲ್ಲೇ ಇನ್ನೂ ಒಮ್ಮತ ಇಲ್ಲ, ನಾನು ಇಲ್ಲಿ ಎಂತ ಮಾಡಲಿ." ಅವರು ಅಂಗಡಿಗೆ ಹೋದರು. ಸುತ್ತ ಸೇರಿದ್ದ ಜನ ಕರಗಿದರು. ಚೌಡಿ ಕೊಡವನ್ನು ಸೊಂಟದಿಂದ ಇಳಿಸಿ ಸೆರಗಿನಲ್ಲಿ ಮುಚ್ಚಿಕೊಂಡಳು. ವೃಷಭೇಂದ್ರಪ್ಪನಿಗೆ ಅಲ್ಲಿಂದ ಹೊರಡಬೇಕೆನಿಸಿದರೂ ಹೊರಡುವುದು ಹೇಗೆಂದು ತಿಳಿಯಲಿಲ್ಲ.

"ಆ ಒಬ್ಬರು ಯಾರಯ್ಯಾ? ನಮ್ಮ ಸೀಮೆಯೋರಾ?" ಬೂದ ಕೇಳಿದ.

"ಅಲ್ಲ. ದೂರದವರು. ಬಂಗಾಳದ ಕಡೆಯೋರು."

"ಅವ್ರು ನಮ್ಮನ್ನ ಕಂಡೂ ಇಲ್ಲ" ಎಂದ ಬೂದ. ಸಿಟ್ಟಿರಲಿಲ್ಲ, ಲೆಕ್ಕ ತಿಳಿಯದವನ ದನಿ ಅದು. "ಅಷ್ಟು ದೂರ ಇರೋರಿಗೆ ನಮ್ಮ ಮೇಲೆ ಎಂತಕ್ಕೆ ಸಿಟ್ಟು?"

ಆ ದೂರದ ಮನುಷ್ಯನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ತಾನು ಆಡಿದ ಒಂದು ಮಾತು ಎಲ್ಲೋ ಕಾಡಿನ ಮಧ್ಯದ ಪೇಟೆಯಲ್ಲಿ ಒಂದು ಕೊಡವನ್ನು ಖಾಲಿ ಕಳಿಸಿತು ಎಂದು ಅವನಿಗೆ ಎಂದಿಗೂ ತಿಳಿಯುವುದಿಲ್ಲ. ಇದನ್ನೆಲ್ಲ ಹೇಳಬಹುದಾಗಿತ್ತು. "ಸಿಟ್ಟು ಅಂತಲ್ಲ" ಎಂದಷ್ಟೇ ಹೇಳಿ ಡಿಪೋಗೆ ವಾಪಸು ಬಂದು, ಕಾಯುತ್ತಿದ್ದ ಗಿರಾಕಿಗೆ ಎಣ್ಣೆ ಹೊಯ್ದ. ಒಂದು ಹನಿ ಚ್ಯುತಿಯಿಲ್ಲದೆ ಅಳತೆ ಸರಿಯಾಗಿ ಬಂತು.

ಮನೆಯಲ್ಲಿ ಸರ್ವಮಂಗಳಾ ಊಟಕ್ಕೆ ಎಲೆ ಹಾಕಿದ್ದಳು. ಅವನು ಸ್ನಾನ ಮಾಡಿ ಲಿಂಗಪೂಜೆಗೆ ಕೂತ. ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ನೀರೆರೆಯುವಾಗ ನಿತ್ಯವೂ ಒಂದು ತಂಪು ಮೊಣಕೈವರೆಗೆ ಇಳಿಯುತ್ತಿತ್ತು; ಇವತ್ತು ನೀರು ಬಿದ್ದದ್ದು ಕಣ್ಣಿಗೆ ಕಾಣಿಸಿತೇ ಹೊರತು ಕೈಗೆ ತಿಳಿಯಲಿಲ್ಲ. ಚಿಕ್ಕವನಿದ್ದಾಗ ಅಜ್ಜ ಇದೇ ಮಣೆಯ ಮೇಲೆ ಕೂತು, ಎಲ್ಲರ ಮೈಯೂ ಶಿವನ ಗುಡಿ ಕಣೋ ಮಗಾ ಎನ್ನುತ್ತಿದ್ದರು, ಹಾಗೆಂದು ಪೂಜೆ ಮುಗಿಸಿ ಏಳುತ್ತಿದ್ದರು, ಎದ್ದು ಅಂಗಳಕ್ಕೆ ಬಂದು ಆಳುಗಳಿಗೆ ತೆಂಗಿನ ಚಿಪ್ಪಿಗೆ ಮಜ್ಜಿಗೆ ಎತ್ತರದಿಂದ ಹೊಯ್ಯುತ್ತಿದ್ದರು. ಎರಡೂ ಒಂದೇ ಮನುಷ್ಯ. ಅಜ್ಜನಿಗೆ ಅದು ಎಂದಾದರೂ ಚುಚ್ಚಿದ್ದು ಇವನು ಕಂಡಿರಲಿಲ್ಲ. "ಚೌಡಿ ಕೊಡ ಹಿಡ್ಕಂಡು ಬಂದಿದ್ಲಂತೆ" ಎಂದಳು ಸರ್ವಮಂಗಳಾ ಬಡಿಸುತ್ತ. "ಬಂದಿದ್ಲು." "ಪಾಪ" ಎಂದಳು. "ಏನೇ ಹೇಳಿ, ಸದ್ಯ ಗಲಾಟೆ ಆಗಲಿಲ್ಲ. ನಿಮ್ಮ ಬೋರ್ಡಿಂದ ಊರು ಉಳೀತು ಅಂತ ವೀರಬಸಕ್ಕ ಅಂದ್ರು" ಎಂದಳು. ವೀರಬಸಮ್ಮ ರೇಣುಕಪ್ಪನವರ ಹೆಂಡತಿ. ಆ ಮನೆಯಿಂದ ಹೊಗಳಿಕೆ ಬಂತೆಂದು ಸರ್ವಮಂಗಳಾ ಇವತ್ತು ಪಾಯಸ ಮಾಡಿದ್ದಳು. ಅವನು ಅದನ್ನೂ ಉಂಡ.

ಮಾರನೆಯ ದಿನ ಇಬ್ಬನಿ ಇನ್ನೂ ಆರಿರಲಿಲ್ಲ, ಅವನು ಜಗುಲಿ ಹತ್ತಿ ಒದ್ದೆ ಬಟ್ಟೆಯಿಂದ ಬೋರ್ಡಿನ ಬಲಗಡೆ ಒರೆಸಿದ. ಧೈರ್ಯ ಬಂತು ಎಂದಲ್ಲ. ಬೂದ ಕೇಳಿದ್ದು ತಲೆಯಲ್ಲಿ ಗುಂಯ್ಗುಡುತ್ತಿತ್ತು, ಅದು ನಿಂತರೆ ಸಾಕಾಗಿತ್ತು, ಅಷ್ಟೇ. ಎಡಗಡೆಯದನ್ನು ಹಾಗೇ ಉಳಿಸಿ ಅದರ ಕೆಳಗೆ ಸೇರಿಸಿದ: "ನಿನ್ನೆ ಬಲಗಡೆ ಬರೆದದ್ದು ವಿರೋಧವಲ್ಲ. ಈ ಕಲಮನ್ನು ಸಭೆಯಲ್ಲಿ ಯಾರೂ ವಿರೋಧಿಸಲಿಲ್ಲ. ತಪ್ಪು ಬರೆದವನದು." ಒರೆಸಿದ ಕಡೆ ಒದ್ದೆ ಆರಿ ಕಪ್ಪು ತಿಳಿಯಾಗುತ್ತಿದ್ದಂತೆ ಜನ ಸೇರಿದರು. "ಬಲಗಡೆ ಮರ್ತುಬಿಟ್ಯಾ ಮಾರಾಯ" ಎಂದು ಮೊದಲು ಕೇಳಿದ್ದು ಪರಮಶಿವಯ್ಯ, ದಿನಾ ಬೆಳಗ್ಗೆ ಬೋರ್ಡು ಓದಿಯೇ ಕಾಫಿಗೆ ಹೋಗುವ ಮುದುಕ. "ಮರೆತಿಲ್ಲ. ಇಲ್ಲ" ಎಂದ. "ನಿನ್ನೆ ಇತ್ತಲ್ಲ?" "ನಿನ್ನೆ ನಾನು ತಪ್ಪು ಬರ್ದೆ." ಹಿಂದಿನಿಂದ ಯಾರೋ, ಹಂಗಾದ್ರೆ ಇಷ್ಟು ದಿನ ಬರೆದಿದ್ರಲ್ಲಿ ಇನ್ನೂ ಎಷ್ಟು ತಪ್ಪಿದಾವೋ ಎಂದರು, ಯಾರೋ ನಕ್ಕರು. ನಗು ತನ್ನ ಮೇಲೆ ಬಿದ್ದದ್ದು ಅವನಿಗೆ ತಿಳಿಯಿತು, ತಾಗಲಿಲ್ಲ.

ರೇಣುಕಪ್ಪನವರು ಬಂದು, ಕನ್ನಡಕ ಹಾಕಿಕೊಂಡು ಓದಿದರು. ಓದಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಖಾಲಿ ಕಡೆಯನ್ನು ನೋಡಿದರು. ವೃಷಭೇಂದ್ರಪ್ಪ ಬೈಗುಳಕ್ಕೆ ಕಾದ. ಕೊನೆಗೊಂದು ಬೈಗುಳವಾದರೂ ಬಿದ್ದರೆ ಈ ಜೋಮು ಬಿಡಬಹುದು ಅನ್ನಿಸಿತು. ಅವರು ಮೆಲ್ಲಗೆ, "ಸರಿ ಹಾಗಾದ್ರೆ" ಎಂದರು. ಪೇಪರಿನ ಕಟ್ಟಿಟ್ಟು ರಸ್ತೆಯಲ್ಲಿ ನಿಂತಿದ್ದ ಬೂದನಿಗೆ, "ಕರ್ಕೊಂಡು ಬಾ ನಿನ್ನ ಹೆಂಡ್ತೀನ. ಸೇದ್ಕಳಿ. ನಾನು ಮಾತು ಕೊಟ್ಟಾಗಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಯಾರ ಮುಖವನ್ನೂ ನೋಡದೆ ಅಂಗಡಿ ಬಾಗಿಲು ತೆಗೆದರು. ಎಷ್ಟು ಸುಲಭವಾಗಿತ್ತು. ಇಷ್ಟಕ್ಕೆ ನಿನ್ನೆಯೆಲ್ಲ ಅಷ್ಟು ಹೆದರಿದೆನೇ ಎಂದು ವೃಷಭೇಂದ್ರಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಚೌಡಿ ಸೇದಿದಳು. ಇವತ್ತು ಅವಳು ಸೀರೆ ಬದಲಾಯಿಸಿರಲಿಲ್ಲ, ಕರೆದ ಕೂಡಲೇ ಇದ್ದ ಹಾಗೇ ಓಡಿ ಬಂದಿದ್ದಳು. ರಾಟೆ ಕಿರುಗುಟ್ಟಿತು. ಹಗ್ಗ ಎಳೆದು ರೂಢಿಯಿಲ್ಲದ ಕೈಗೆ ಕೊಡ ಮೇಲೆ ಬರುವಾಗ ಗೋಡೆಗೆ ಬಡಿದು ಅರ್ಧ ನೀರು ಚೆಲ್ಲಿತು. ಬೂದ ಹಿಡಿಯಲು ಹೋದರೆ ಬೇಡ ಎಂದು ತಾನೇ ಎಳೆದಳು. ಬಾವಿಕಟ್ಟೆಯ ಸುತ್ತ ಒಂದು ನರಪಿಳ್ಳೆ ಇಲ್ಲ. ಯಾರೂ ಕಲ್ಲು ಹೊಡೆಯಲಿಲ್ಲ, ಯಾರೂ ಏನೂ ಅನ್ನಲಿಲ್ಲ. ವೃಷಭೇಂದ್ರಪ್ಪ ಜಗುಲಿಯಿಂದ ನೋಡುತ್ತ, ಈಗ ಸಂತೋಷವಾಗಬೇಕು ಎಂದುಕೊಂಡ. ನನ್ನ ಕೈಯಿಂದ ಒಂದು ಸರಿಯಾದ ಕೆಲಸ ಆಯಿತು ಎಂದು ಬಾಯಿಯಲ್ಲೇ ಹೇಳಿಕೊಂಡ. ಆದರೂ ಯಾವನೋ ಪರಸ್ಥಳದವನ ಸುದ್ದಿ ಓದಿದ ಹಾಗಿತ್ತು.

ಸಂಜೆ ಮನೆಗೆ ಹೋದಾಗ ಬಾಗಿಲಲ್ಲೇ ಗಲಗಲ ಮಾತು ಕೇಳಿಸಿತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಯಾರು ಬಂದರು ಎಂದು ನಡುಮನೆ ದಾಟಿ ಹಿತ್ತಲಿಗೆ ಹೋದರೆ ಪೇಟೆಯ ಹೆಂಗಸರೆಲ್ಲ ಅಲ್ಲಿದ್ದರು. ಕೊಡಗಳು ಬಚ್ಚಲ ಗೋಡೆಯುದ್ದಕ್ಕೂ ಸಾಲು ಕೂತಿದ್ದವು. ಅವನ ಹಿತ್ತಲ ಬಾವಿಗೆ ಹೊಸ ಹಗ್ಗ ಬಿದ್ದಿತ್ತು. ಸರ್ವಮಂಗಳಾ ಸೆರಗು ಸಿಕ್ಕಿಸಿಕೊಂಡು, ಒಬ್ಬರಿಗೆ ಎಲೆ ಅಡಿಕೆ ಕೊಡುತ್ತ, ಒಬ್ಬರಿಗೆ ದಾರಿ ಬಿಡುತ್ತ, ಕೆಂಪು ಕೆಂಪಾಗಿದ್ದಳು. ಇವನ ಹತ್ತಿರ ಬಂದು ಪಿಸುಗುಟ್ಟಿದಳು. "ನಮ್ಮ ಬಾವಿ ನೀರು ಸಿಹಿ ಅಂತ ಎಲ್ಲ ಇಲ್ಲಿಗೇ ಬಂದ್ರು. ಇನ್ನು ಮೇಲೆ ಇಲ್ಲಿಗೇ ಬರ್ತಾರಂತೆ. ನಮ್ಮನೆ ಮೆಟ್ಟಿಲು ತುಳೀದೋರೂ ಬಂದಿದಾರೆ ಕಣ್ರಿ." ಅವಳ ಕಣ್ಣಿನಲ್ಲಿ ಇಷ್ಟು ಬೆಳಕನ್ನು ಅವನು ಮದುವೆಯಾದ ಹೊಸತರಲ್ಲಿ ಕಂಡದ್ದು. ಪೇಟೆ ಬಾವಿಯನ್ನು ಮುಟ್ಟದ ಕಾರಣವನ್ನು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಪೇಟೆ ಬಾವಿಯನ್ನು ಬೂದನಿಗೆ ಬಿಟ್ಟುಕೊಟ್ಟು ಊರು ಸದ್ದಿಲ್ಲದೆ ಇತ್ತ ಸರಿದುಬಿಟ್ಟಿತ್ತು. ರೇಣುಕಪ್ಪನವರ ಮಾತೂ ಉಳಿದಿತ್ತು.

ವೀರಬಸಮ್ಮ ಒಗೆಯುವ ಕಲ್ಲಿನ ಮೇಲೆ ಕೂತು ತಮ್ಮ ಸರದಿ ಕಾಯುತ್ತಿದ್ದರು. ತಲೆ ಎತ್ತಿ ಇವನನ್ನು ನೋಡಿದರು. "ಏನಾದ್ರೂ ಹೇಳೋದಿತ್ತನಾ ವೃಷಭೇಂದ್ರಪ್ಪ? ನಿನ್ನ ಬಾವಿ ಅಪ್ಪಾ, ಬೇಡ ಅಂದ್ರೆ ನಾವು ಹೋಗ್ತೀವಿ."

ರಾಟೆ ನಿಂತಿತು. ಎಲ್ಲರೂ ಇವನ ಬಾಯಿ ನೋಡಿದರು. ಬೇಡ ಎನ್ನಲು ಒಂದು ಶಬ್ದ ಸಾಕು. ಬೇಡ, ನಿಮಗೆ ಬಾವಿ ಅಲ್ಲೇ ಇದೆ. ಸರ್ವಮಂಗಳಾ ಎಲೆ ಅಡಿಕೆಯ ತಟ್ಟೆ ಹಿಡಿದು ಅಲ್ಲಾಡದೆ ನಿಂತಿದ್ದಳು.

"ಹೇಳೋದು ಎಂತದೂ ಇಲ್ಲ ಅಕ್ಕಾ" ಎಂದ. "ಸೇದ್ಕಳಿ."

ಮರುದಿನ ಬೆಳಗ್ಗೆ ಬೂದ ಪೇಪರಿನ ಕಟ್ಟು ತಂದು ಮೆಟ್ಟಿಲ ಮೇಲಿಟ್ಟ. ಅವನು ಹಿಂದೆ ಸರಿಯುವ ಮೊದಲೇ ಎತ್ತಿಕೊಳ್ಳಬೇಕೆಂದು ವೃಷಭೇಂದ್ರಪ್ಪ ರಾತ್ರಿಯೇ ನಿಶ್ಚಯಿಸಿದ್ದ. ಇಳಿಯುವಷ್ಟರಲ್ಲಿ ಬೂದ ಸರಿದಾಗಿತ್ತು. ಕೂಸು ನಿನ್ನೆ ಚೊಂಬು ತುಂಬ ನೀರು ಕುಡಿಯಿತು, ತಣ್ಣಗೈತಿ ಅಂತು, ಎಂದು ಬೂದ ಹೇಳಿದ. ಹೇಳಿಯೂ ಹೋಗದೆ ನಿಂತ.

"ಅಯ್ಯಾ, ಒಂದು ಮಾತು. ನಿನ್ನೆ ಸಂಜೆ ಬಾವಿಗೆ ಪ್ಯಾಟೆಯೋರು ಒಬ್ರೂ ಬರ್ಲಿಲ್ಲ. ಇವತ್ತೂ ಇಲ್ಲ. ಎಲ್ಲಿ ಸೇದ್ತಾರೆ ಅವ್ರು?"

ವೃಷಭೇಂದ್ರಪ್ಪ ಕಟ್ಟಿನ ಹುರಿ ಬಿಚ್ಚುತ್ತಿದ್ದ.

"ನಂಗೆ ಗೊತ್ತಿಲ್ಲ" ಎಂದ.

ಬೂದ ತಲೆಯಾಡಿಸಿದ. ಈ ಜಗುಲಿಯಿಂದ ಬಂದ ಮಾತನ್ನು ಅವನು ಇನ್ನೊಬ್ಬರ ಹತ್ತಿರ ಕೇಳಿ ನೋಡಿದ್ದೇ ಇಲ್ಲ. "ನಮ್ಮಿಂದ ಅವ್ರಿಗೆ ನೀರಿಗೆ ತೊಂದ್ರೆ ಆತೇನೋ" ಎಂದ. "ನಾವು ಬೆಳಕು ಹರ್ಯಾದ್ರಾಗೆ ಸೇದ್ಕಂಡು ಹೋಗ್ತೀವಿ, ಆಮ್ಯಾಲೆ ಕಟ್ಟೆ ತೊಳ್ದೇ ಹೋಗ್ತೀವಿ. ಅವ್ರು ಬರ್ಲಿ ಅಂತ ನೀವೇ ಹೇಳಿ ಅಯ್ಯಾ. ನಿಮ್ಮ ಮಾತು ನಂಬ್ತಾರೆ."

"ಹೇಳ್ತೀನಿ" ಎಂದ ವೃಷಭೇಂದ್ರಪ್ಪ.

ಬೂದ ನೆಮ್ಮದಿಯಾಗಿ ಸ್ಟೇಷನ್ನಿನ ಕಡೆ ಹೋದ.